ನಮ್ಮ ಕಣವೂ ಒಂದು ಚಿತ್ರವೇ: ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಬದುಕು

ಹೇಮಾವತಿ: ನಮ್ಮೂರಿಗೆ ಹೊರಗಿನವರು ಬಂದರೆ ಏನು ನೋಡುತ್ತಾರೆ? ಸಿದ್ಧೇಶ್ವರ ಸ್ವಾಮಿಯ ದರ್ಶನ ಮಾಡುತ್ತಾರೆ. ದೊಡ್ಡೇಶ್ವರನ ಗುಡಿಯ ಕೆತ್ತನೆಯ ಕಂಬಗಳನ್ನೂ ಗೋಡೆಯಲ್ಲಿರುವ ಕಲ್ಲಿನ ಜಾಲಂಧ್ರಗಳನ್ನೂ ಮುಟ್ಟಿ ನೋಡುತ್ತಾರೆ. ಹೆಂಜೇರು ಎಂಬ ಹೆಸರಿದ್ದಾಗ ಇದು ನೊಳಂಬ ಅರಸರ ರಾಜಧಾನಿ ಆಗಿತ್ತು ಎಂದು ಕೇಳಿ ತಲೆದೂಗುತ್ತಾರೆ. ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತಾರೆ.

ಊರಾಚೆಯ ಕಣವನ್ನು ಯಾರಾದರೂ ನಿಂತು ನೋಡಿದ್ದುಂಟೇ? ರಾಗಿ ಮೆದೆಯನ್ನು? ಹುಣಸೆ ಮರದ ನೆರಳಲ್ಲಿ ಮೆಲುಕು ಹಾಕುವ ಎತ್ತುಗಳನ್ನು? ಕಡ್ಲೆಕಾಯಿ ಬಿಡಿಸುತ್ತಾ ಕುಕ್ಕರಗಾಲಿನಲ್ಲಿ ಕೂತ ಹೆಂಗಸರ ಸಾಲನ್ನು? ಹೊರಗಿನವರ ಮಾತಿರಲಿ, ನಾವೇ ನೋಡುವುದಿಲ್ಲ. ಅದರಲ್ಲಿ ನೋಡುವುದೇನಿದೆ, ದಿನಾ ಇರುವುದೇ ಅಲ್ಲವೇ ಎನ್ನುತ್ತೇವೆ.

ದಿನಾ ಇರುವುದನ್ನೇ ನೋಡಿ, ಅದನ್ನೇ ಬರೆದು, ದೇಶ ವಿದೇಶಗಳಲ್ಲಿ ಹೆಸರು ಮಾಡಿದ ಒಬ್ಬ ಹಳ್ಳಿ ಹುಡುಗನ ಕಥೆ ಇದು. ಅವರ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ. ಕಲಾಲೋಕಕ್ಕೆ ಕೆ.ಕೆ. ಹೆಬ್ಬಾರ್. ಅವರು ತೀರಿಕೊಂಡದ್ದು 1996ರಲ್ಲಿ. ಹೆಸರು ಕೇಳಿದವರು ನಮ್ಮ ಕಡೆ ಕಡಿಮೆ. ಆದರೆ ಅವರ ಬದುಕಿನಲ್ಲಿ ಗಡಿಯ ಹಳ್ಳಿಗರಾದ ನಮಗೆ ಬೇಕಾದ ಮಾತೊಂದಿದೆ.

ಒಂದೇ ಪ್ರಾಂತ್ಯದ ಎರಡು ಮೂಲೆ

ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿ ಬಳಿಯ ಕಟ್ಟಿಂಗೇರಿ ಎಂಬ ಸಣ್ಣ ಹಳ್ಳಿಯಲ್ಲಿ. ಆಗ ಆ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಮಡಕಶಿರಾ ಸೀಮೆಯೂ ಮದರಾಸಿಗೇ ಸೇರಿತ್ತು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅದೂ ಮದರಾಸೇ. ಕಡಲ ಕಡೆಯ ಕನ್ನಡ ಸೀಮೆ ಒಂದು ಮೂಲೆ, ಬಯಲು ಕಡೆಯ ಕನ್ನಡ ಸೀಮೆ ಇನ್ನೊಂದು ಮೂಲೆ. ಇಬ್ಬರಿಗೂ ದೊಡ್ಡ ಕಚೇರಿ ಎಂದರೆ ದೂರದ ಮದರಾಸು.

ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಅಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎರಡು ಭಾಷೆ ಹೊತ್ತು ಬೆಳೆಯುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಬ್ಬಾರರಿಗೂ ಅದು ಹುಟ್ಟಿನಿಂದಲೇ ಬಂದದ್ದು.

1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕಟ್ಟಿಂಗೇರಿ ಆಗಿನ ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಆಂಧ್ರದಲ್ಲಿ ಉಳಿದೆವು. 2022ರಿಂದ ಅನಂತಪುರ ಜಿಲ್ಲೆಯೂ ಎರಡಾಗಿ ಹೇಮಾವತಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಬದಲಾಗುತ್ತವೆ. ಮಣ್ಣು, ಬಿಸಿಲು ಮಾತ್ರ ಇದ್ದಲ್ಲೇ ಇರುತ್ತವೆ. ಹೆಬ್ಬಾರರು ಹಿಡಿದುಕೊಂಡದ್ದು ಇವನ್ನೇ.

ಮಸಿ, ಗೋಡೆ ಮತ್ತು ಗಣಪತಿ

ಸಿರಿವಂತರ ಮನೆಯಲ್ಲ. ತಂದೆ ನಾರಾಯಣ ಹೆಬ್ಬಾರರು ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಹಸಿ ಮಣ್ಣಿನ ಮುದ್ದೆ ನೋಡನೋಡುತ್ತಲೇ ಸೊಂಡಿಲಾಗುವುದು, ಹೊಟ್ಟೆಯಾಗುವುದು, ಕಡೆಗೆ ಕಣ್ಣು ಬಿಡುವುದು, ಇದನ್ನೆಲ್ಲ ಹತ್ತಿರದಿಂದ ನೋಡಿದ ಹುಡುಗ ಮಸಿ ತುಂಡು ಹಿಡಿದು ಗೋಡೆಯ ಮೇಲೆ ಗೀಚತೊಡಗಿದ. ಸುತ್ತಲೂ ಯಕ್ಷಗಾನದ ಸೀಮೆ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಕೆಂಪು, ಹಸಿರು, ಬಂಗಾರದ ವೇಷಗಳು ಕುಣಿಯುವ ಸೀಮೆ. ಅಂಥ ಕಡೆ ಹುಟ್ಟಿದ ಮಗುವಿನ ಕಣ್ಣಿಗೆ ಬಣ್ಣದ ರುಚಿ ಹತ್ತದೇ ಇದ್ದೀತೇ?

ಆ ಕಾಲದಲ್ಲಿ ಚಿತ್ರ ಎಂದರೆ ರಾಜಾ ರವಿವರ್ಮನ ಅಚ್ಚಿನ ಚಿತ್ರಗಳು. ಲಕ್ಷ್ಮಿ, ಸರಸ್ವತಿ, ಶಕುಂತಲೆ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲೂ ಅವು ತೂಗುತ್ತಿದ್ದವಲ್ಲ, ಅವೇ. ಹಳ್ಳಿಯ ಹುಡುಗನಿಗೆ ಮೊದಲ ಗುರುಗಳೂ ಅವೇ ಚಿತ್ರಗಳು. ಆದರೆ ಅವುಗಳಲ್ಲಿ ಇದ್ದದ್ದು ದೇವರು, ದೇವತೆ, ರಾಜ, ರಾಣಿ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸಿಗೆ ಅಲ್ಲಿ ಜಾಗವಿರಲಿಲ್ಲ. ಚಿತ್ರ ಎಂದ ಮೇಲೆ ದೊಡ್ಡವರದ್ದೇ ಆಗಬೇಕು ಎಂಬುದು ಆಗಿನ ನಂಬಿಕೆ.

ಹೊಟ್ಟೆಪಾಡಿಗಾಗಿ ಹುಡುಗ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದರು, ಭಾವಚಿತ್ರ ಬರೆದರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಗೆ ಸೇರಿದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಕರಾವಳಿಯ ಎಷ್ಟೋ ಹುಡುಗರ ಹಾಗೆ ಅವರೂ ಮುಂಬಯಿಗೆ ಹೋದರು. ಬಹಳ ಮಂದಿ ಹೋಟೆಲಿನ ಕೆಲಸಕ್ಕೆ ಹೋಗುತ್ತಿದ್ದ ದಾರಿಯದು. ಇವರು ಕುಂಚ ಹಿಡಿದು ಹೋದರು. 1933ರಿಂದ 1938ರವರೆಗೆ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ ಡಿಪ್ಲೊಮಾ ಪಡೆದರು. ಮುಂದೆ ಅಲ್ಲೇ ಕೆಲವು ವರ್ಷ ಮೇಷ್ಟರೂ ಆದರು.

ಮೆದೆಗೆ ಬಂದ ಮಾನ

ಇಲ್ಲಿ ಸ್ವಲ್ಪ ನಿಂತು ಇನ್ನೊಂದು ಊರಿಗೆ ಹೋಗಿ ಬರಬೇಕು. ಹೆಬ್ಬಾರರು ಓದುತ್ತಿದ್ದ ಕಾಲಕ್ಕೆ ಯುರೋಪಿನ ಚಿತ್ರಕಲೆ ಆಗಲೇ ತಲೆಕೆಳಗಾಗಿತ್ತು. ಅದನ್ನು ತಲೆಕೆಳಗು ಮಾಡಿದವರಲ್ಲಿ ಒಬ್ಬ ಫ್ರಾನ್ಸಿನ ಕ್ಲಾಡ್ ಮೊನೆ. ಅವನು ತನ್ನ ಅತಿ ದೊಡ್ಡ ಪ್ರಯೋಗವೊಂದಕ್ಕೆ ಆರಿಸಿಕೊಂಡ ವಸ್ತು ಯಾವುದು ಗೊತ್ತೇ? ಮೆದೆ!

ಹೌದು, ನಮ್ಮ ಕಣದಲ್ಲಿ ಒಟ್ಟುತ್ತೇವಲ್ಲ, ಅಂಥದ್ದೇ ಮೆದೆ. ಕನ್ನಡ ಪುಸ್ತಕಗಳಲ್ಲಿ ಇದನ್ನು ಹುಲ್ಲಿನ ಬಣವೆ ಎನ್ನುವುದುಂಟು, ತೆಲುಗಿನಲ್ಲಿ ಗಡ್ಡಿವಾಮಿ ಎನ್ನಬಹುದು. ಆದರೆ ನಿಜವಾಗಿ ಅದು ಬರೀ ಹುಲ್ಲಲ್ಲ. ತೆನೆ ಸಮೇತ ಒಟ್ಟಿದ ಗೋಧಿ. ನಾವು ರಾಗಿ ಕೊಯ್ದು, ಕಟ್ಟು ಕಟ್ಟಿ, ತೆನೆ ಒಳಕ್ಕೆ ಮಾಡಿ ಮೆದೆ ಹಾಕಿ, ಬಿಡುವಾದಾಗ ತುಳಿಸುತ್ತೇವಲ್ಲ, ಹಾಗೆಯೇ. ಅಲ್ಲಿ ಒಕ್ಕಣೆ ಯಂತ್ರ ಊರಿಂದ ಊರಿಗೆ ಸರದಿಯಲ್ಲಿ ಬರುತ್ತಿದ್ದುದರಿಂದ ಮೆದೆಗಳು ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲುತ್ತಿದ್ದವು.

ಮೊನೆ ಇದ್ದ ಹಳ್ಳಿ ಜಿವರ್ನಿ. ಮನೆಯ ಪಕ್ಕದ ರೈತನ ಹೊಲದಲ್ಲಿ ಮೆದೆಗಳಿದ್ದವು. 1890ರ ಕೊನೆಯಿಂದ 1891ರವರೆಗೆ ಅವನು ಅವನ್ನೇ ಮತ್ತೆ ಮತ್ತೆ ಬರೆದ. ಒಂದಲ್ಲ ಎರಡಲ್ಲ, ಸುಮಾರು 25 ಚಿತ್ರ. ಬೆಳಗಿನ ಮೆದೆ, ಮಧ್ಯಾಹ್ನದ ಮೆದೆ, ಸಂಜೆಯ ಮೆದೆ, ಹಿಮ ಹೊದ್ದ ಮೆದೆ. ಬೆಳಕು ಬದಲಾದ ಕೂಡಲೇ ಒಂದು ಕ್ಯಾನ್‌ವಾಸ್ ಪಕ್ಕಕ್ಕಿಟ್ಟು ಇನ್ನೊಂದು ಎತ್ತಿಕೊಳ್ಳುತ್ತಿದ್ದ. 1891ರ ಮೇ ತಿಂಗಳಲ್ಲಿ ಅವುಗಳಲ್ಲಿ 15 ಚಿತ್ರಗಳನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕಿಟ್ಟ. ಮಾರಾಟವೂ ಚೆನ್ನಾಗಿ ಆಯಿತು.

ಅದೇ ಸಾಲಿನ ಒಂದು ಮೆದೆ ಚಿತ್ರ 2019ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 750 ಕೋಟಿ ರೂಪಾಯಿಗೂ ಮೇಲೆ. ಮೆದೆ ಒಟ್ಟಿದ ರೈತನಿಗೆ ಸಿಕ್ಕಿದ್ದು ಗೋಧಿಯ ದುಡ್ಡು ಮಾತ್ರ ಎಂದು ನಗಬಹುದು. ನಗುವ ಮಾತೇ. ಆದರೂ ಅದರೊಳಗೆ ಒಂದು ಮುಳ್ಳಿದೆ. ಆ ಮುಳ್ಳಿನ ವಿಚಾರ ಆಮೇಲೆ ಹೇಳುತ್ತೇನೆ.

ನೆರಳು ಕಪ್ಪಗಿರುವುದಿಲ್ಲ

ಈ ಪಂಥಕ್ಕೆ ಇಂಪ್ರೆಷನಿಸಂ ಎಂದು ಹೆಸರು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಗೆಳೆಯರು ತಾವೇ ಸೇರಿ ಒಂದು ಪ್ರದರ್ಶನ ಮಾಡಿದರು. ಅದರಲ್ಲಿ ಮೊನೆಯ ಸೂರ್ಯೋದಯದ ಚಿತ್ರವೊಂದಿತ್ತು. ಅದರ ಹೆಸರಿನಲ್ಲಿದ್ದ ಇಂಪ್ರೆಷನ್ ಎಂಬ ಪದವನ್ನೇ ಹಿಡಿದು ಪತ್ರಿಕೆಯವನೊಬ್ಬ ಗೇಲಿ ಮಾಡಿದ. ಗೇಲಿಯ ಹೆಸರೇ ಗಟ್ಟಿಯಾಗಿ ನಿಂತಿತು. ಹೊರಳಿ ನೋಡಿದಾಗ ಕಣ್ಣಿಗೆ ತಟ್ಟನೆ ಬೀಳುತ್ತದಲ್ಲ, ಆ ನೋಟ, ಆ ಅಚ್ಚು, ಇದೇ ಆ ಪದದ ಅರ್ಥ.

ಅದಕ್ಕೂ ಮೊದಲು ಚಿತ್ರಕಾರರು ಹೆಚ್ಚಾಗಿ ಕೋಣೆಯೊಳಗೆ ಕೂತು ಚಿತ್ರ ಮುಗಿಸುತ್ತಿದ್ದರು. 1841ರಲ್ಲಿ ಒಬ್ಬ ಅಮೆರಿಕದವನು ಬಣ್ಣವನ್ನು ತವರದ ಟ್ಯೂಬಿನಲ್ಲಿ ತುಂಬುವ ಉಪಾಯ ಕಂಡುಹಿಡಿದ. ಬಣ್ಣವನ್ನು ಚೀಲದಲ್ಲಿ ಹಾಕಿಕೊಂಡು ಹೊಲಕ್ಕೆ ಹೋಗುವುದು ಸುಲಭವಾಯಿತು. ಹೊಲಕ್ಕೆ ಹೋಗಿ ಕೂತವರಿಗೆ ಒಂದು ಸಂಗತಿ ಕಂಡಿತು. ನೆರಳು ಕಪ್ಪಗಿರುವುದಿಲ್ಲ!

ನಂಬಿಕೆ ಬಾರದಿದ್ದರೆ ಚಳಿಗಾಲದ ಒಂದು ಬೆಳಿಗ್ಗೆ ಹುಣಸೆ ಮರದ ಕೆಳಗೆ ನೋಡಿ. ಕೆಂಪು ಮಣ್ಣಿನ ಮೇಲೆ ಬಿದ್ದ ನೆರಳಿನಲ್ಲಿ ನೇರಳೆ ಇದೆ, ನೀಲಿ ಇದೆ. ಮೇಲಿನ ಆಕಾಶ ಆ ನೆರಳಿಗೆ ತನ್ನ ಬಣ್ಣ ಕೊಟ್ಟಿರುತ್ತದೆ. ರಾಗಿ ಮೆದೆಯ ಬಿಸಿಲು ಬಿದ್ದ ಮಗ್ಗುಲು ಒಂದು ಬಣ್ಣ, ಬೀಳದ ಮಗ್ಗುಲು ಇನ್ನೊಂದು ಬಣ್ಣ. ಈ ಬಣ್ಣಗಳನ್ನು ಕಲಸಿ ಹದ ಮಾಡದೆ, ಸಣ್ಣ ಸಣ್ಣ ಗೀಟಾಗಿ ಒಂದರ ಪಕ್ಕ ಒಂದು ಇಟ್ಟರು. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಬಿಸಿಲೇ ಎದ್ದು ಬಂದಂತೆ ಕಾಣುತ್ತದೆ.

ಇದರಲ್ಲಿ ಒಂದು ದೊಡ್ಡ ಮಾತಿದೆ. ಬೆಳಕಿಗೆ ಅರಮನೆ, ಗುಡಿಸಲು ಎಂಬ ಭೇದವಿಲ್ಲ. ರಾಜನ ಕಿರೀಟದ ಮೇಲೆ ಬೀಳುವ ಬಿಸಿಲೇ ತಿಪ್ಪೆಯ ಮೇಲೂ ಬೀಳುತ್ತದೆ. ಬೆಳಕನ್ನೇ ಬರೆಯುವುದಾದರೆ ಬರೀ ಮೆದೆ ಸಾಕು, ರಾಜ ಬೇಕಾಗಿಲ್ಲ.

ಕಲಿತದ್ದು ಸಾಲದು ಎನಿಸಿದಾಗ

ಈಗ ಮುಂಬಯಿಗೆ ವಾಪಸು ಬರೋಣ. ಹೆಬ್ಬಾರರು ಜೆ.ಜೆ. ಶಾಲೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಅಲ್ಲಿಗೆ ಚಾರ್ಲ್ಸ್ ಜೆರಾರ್ಡ್ ಎಂಬ ಇಂಗ್ಲಿಷ್ ಚಿತ್ರಕಾರರು ಮುಖ್ಯಸ್ಥರಾಗಿ ಬಂದರು. ಹೊಸ ಚಿತ್ರಕಲೆಯ ಗಾಳಿ ಶಾಲೆಯೊಳಕ್ಕೆ ಬಂತು. ಇದ್ದದ್ದನ್ನು ಇದ್ದಹಾಗೆ ನುಣ್ಣಗೆ ಬರೆಯುವುದರ ಜೊತೆಗೆ ಬೆಳಕು, ಬಣ್ಣ, ಕುಂಚದ ಗೀಟು ಇವುಗಳ ಕಡೆಗೂ ಹುಡುಗರ ಗಮನ ಹೋಯಿತು.

ಹೆಬ್ಬಾರರ ಕೈ ಒಳ್ಳೆಯ ಕೈ. ಭಾವಚಿತ್ರ ಬರೆದುಕೊಂಡೇ ಬದುಕಬಹುದಿತ್ತು. ಸಾಹುಕಾರರ, ಸಾಹೇಬರ ಮುಖಗಳಿಗೆ ಮುಂಬಯಿಯಲ್ಲಿ ಬರವಿರಲಿಲ್ಲ. ಮನೆ ನಡೆಯುತ್ತಿತ್ತು, ಹೆಸರೂ ಬರುತ್ತಿತ್ತು. ಬಡ ಮನೆಯಿಂದ ಬಂದವನಿಗೆ ಇದಕ್ಕಿಂತ ಬೇರೆ ಏನು ಬೇಕು?

ಅವರಿಗೆ ಬೇರೆಯೇ ಬೇಕಾಗಿತ್ತು. ಕಲಿತದ್ದೆಲ್ಲ ಹೊರಗಿನಿಂದ ಬಂದದ್ದು, ಅದರಲ್ಲಿ ತನ್ನ ನೆಲದ ಮಾತಿಲ್ಲ ಎಂಬ ಕೊರಗು ಹತ್ತಿತು. ಅಜಂತಾದ ಗೋಡೆ ಚಿತ್ರಗಳು, ಜೈನರ ಹಸ್ತಪ್ರತಿಗಳ ಚಿತ್ರಗಳು, ರಜಪೂತ, ಮೊಘಲ್ ಕಿರುಚಿತ್ರಗಳು, ಇವನ್ನೆಲ್ಲ ಹುಡುಕಿಕೊಂಡು ಹೋಗಿ ನೋಡಿದರು. ನಮ್ಮ ಹಳಬರು ನೆರಳಿಲ್ಲದೆ, ಬರೀ ಗೆರೆ ಮತ್ತು ಗಾಢ ಬಣ್ಣದಲ್ಲಿ ಹೇಗೆ ಕಥೆ ಹೇಳುತ್ತಿದ್ದರು ಎಂದು ಕಲಿತರು.

ಆ ಹೊತ್ತಿಗೆ ಅವರಿಗೆ ದಾರಿ ತೋರಿಸಿದವರಲ್ಲಿ ಒಬ್ಬರು ಅಮೃತಾ ಶೇರ್‌ಗಿಲ್. ತಂದೆ ಪಂಜಾಬಿನವರು, ತಾಯಿ ಹಂಗೇರಿಯವರು. ಪ್ಯಾರಿಸ್ಸಿನಲ್ಲಿ ಕಲಿತು ಭಾರತಕ್ಕೆ ಬಂದ ಆಕೆ ದಕ್ಷಿಣ ದೇಶ ಸುತ್ತಿ, 1937ರಲ್ಲಿ ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರ ಚಿತ್ರ ಬರೆದರು. ಕಪ್ಪು ಮೈ, ಬಿಳಿ ಬಟ್ಟೆ, ಮಾತಿಲ್ಲದ ಮುಖಗಳು. 1941ರಲ್ಲಿ, ಇನ್ನೂ 28 ವರ್ಷ ವಯಸ್ಸಿನಲ್ಲಿ ತೀರಿಕೊಂಡರು. ಸಂತೆಗೆ ಹೋಗುವ ಹಳ್ಳಿಯ ಜನ ದೊಡ್ಡ ಚಿತ್ರವೊಂದರ ತುಂಬಾ ನಿಲ್ಲಬಹುದು ಎಂಬುದನ್ನು ಆಕೆ ತೋರಿಸಿಹೋಗಿದ್ದರು.

ಹೆಬ್ಬಾರರು ಕೇರಳದ ಕಡೆ ಓಡಾಡಿದರು. ಅಲ್ಲಿಯ ತೆಂಗು, ಕೆಂಪು ಮಣ್ಣು, ಬಿಳಿ ಮುಂಡು, ದುಡಿಯುವ ಹೆಂಗಸರು, ಎಲ್ಲವೂ ತಮ್ಮ ಕಟ್ಟಿಂಗೇರಿಯಂತೆಯೇ ಇದ್ದವು. 1940ರ ದಶಕದಲ್ಲಿ ಅವರು ಬರೆದ ದಕ್ಷಿಣದ ಚಿತ್ರಗಳು ಕಲಾವಲಯದಲ್ಲಿ ಅವರಿಗೆ ಹೆಸರು ತಂದವು. ಅವುಗಳಲ್ಲಿ ಒಂದರ ಹೆಸರು 'ಸನ್ನಿ ಸೌತ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಸಿಲಿನ ದಕ್ಷಿಣ. ಬಿಸಿಲಿಗೆ ಬೈಯುವುದೇ ಅಭ್ಯಾಸವಾದ ನಮಗೆ, ಬಿಸಿಲನ್ನೇ ಹೆಸರಿಗೆ ಇಟ್ಟು ಮೆರೆಸಿದ ಆ ಧೈರ್ಯ ನೋಡಿ ಖುಷಿಯಾಗುತ್ತದೆ.

ಪ್ಯಾರಿಸ್ಸಿಗೆ ಹೋಗಿ ಬಂದದ್ದು

1949ರಲ್ಲಿ, ಸುಮಾರು 38ನೇ ವಯಸ್ಸಿನಲ್ಲಿ, ಹೆಬ್ಬಾರರು ಪ್ಯಾರಿಸ್ಸಿಗೆ ಹೋದರು. ಆಗಲೇ ಹೆಸರಿದ್ದವರು, ಮೇಷ್ಟರಾಗಿದ್ದವರು, ಮತ್ತೆ ವಿದ್ಯಾರ್ಥಿಯಾಗಿ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಯಲ್ಲಿ ಕೂತರು. ಜೊತೆಗೆ ಇನ್ನೊಂದು ಶಾಲೆಯಲ್ಲಿ ಅಚ್ಚುಚಿತ್ರದ ಕೆತ್ತನೆ ಕಲಿತರು. ಪ್ಯಾರಿಸ್ಸಿನಲ್ಲಿ ಎರಡು ವರ್ಷದ ಹಿಂದೆಯಷ್ಟೇ, ಅಂದರೆ 1947ರಲ್ಲಿ, ಇಂಪ್ರೆಷನಿಸ್ಟ್ ಚಿತ್ರಗಳಿಗಾಗಿಯೇ ಜೂ ದ ಪೋಮ್ ಎಂಬ ವಸ್ತುಸಂಗ್ರಹಾಲಯ ತೆರೆದಿತ್ತು. ಒಂದು ಕಾಲಕ್ಕೆ ಗೇಲಿಗೆ ಗುರಿಯಾದ ಚಿತ್ರಗಳು ಆ ಹೊತ್ತಿಗೆ ದೇಶದ ಆಸ್ತಿಯಾಗಿದ್ದವು.

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯದನ್ನೇ ತಂದು ಇಲ್ಲಿ ಹರಡುವುದು ಸಾಮಾನ್ಯ. ಹೆಬ್ಬಾರರು ಹಾಗೆ ಮಾಡಲಿಲ್ಲ. ಬಣ್ಣವನ್ನು ದಪ್ಪವಾಗಿ, ಮಣ್ಣಿನ ಗೋಡೆಗೆ ಸಾರಿಸಿದಂತೆ ಹಚ್ಚುವ ಬಗೆಯನ್ನು ಬೆಳೆಸಿಕೊಂಡರು. ಬೆಳಕನ್ನು ನೋಡುವ ಕಣ್ಣು ಇನ್ನೂ ಚುರುಕಾಯಿತು. ಆದರೆ ಬರೆದದ್ದು ಮೀನುಗಾರರನ್ನು, ಹಬ್ಬವನ್ನು, ಕುಣಿತವನ್ನು, ದನಕರುಗಳನ್ನು, ಬೇಡುವವರನ್ನು, ಕೊಳೆಗೇರಿಯನ್ನು. ಮನೆ ಮುಂಬಯಿಯಲ್ಲಿ, ಮನಸ್ಸು ಹಳ್ಳಿಯಲ್ಲಿ.

ಅವರಿಗೆ ಗೆರೆಯ ಮೇಲೆ ಇನ್ನೊಂದು ಮೋಹ. ಕುಣಿತದ ಲಯವನ್ನು ಮೈಯಿಂದಲೇ ತಿಳಿಯಬೇಕೆಂದು ಪಂಡಿತ್ ಸುಂದರಪ್ರಸಾದರ ಬಳಿ ಕಥಕ್ ಕಲಿತರು. ಚಿತ್ರ ಬರೆಯುವವನಿಗೆ ಗೆಜ್ಜೆ ಏಕೆ ಎಂದು ಕೇಳಬೇಡಿ. ಕೈ ಎತ್ತದೆ ಒಂದೇ ಉಸಿರಿನಲ್ಲಿ ಓಡುವ ಗೆರೆಗಳಲ್ಲಿ ನರ್ತಕಿಯರನ್ನೂ ವಾದ್ಯಗಾರರನ್ನೂ ದುಡಿಯುವವರನ್ನೂ ಅವರು ಹಿಡಿದರು. ಅಂಥ ರೇಖಾಚಿತ್ರಗಳ ಪುಸ್ತಕ 'ದಿ ಸಿಂಗಿಂಗ್ ಲೈನ್' 1964ರಲ್ಲಿ ಬಂತು. ಹಾಡುವ ರೇಖೆ ಎಂದು ಅದರ ಅರ್ಥ.

ಆ ಮುಳ್ಳಿನ ಮಾತು

ಮೊನೆಯ ಮೆದೆ ಚಿತ್ರಗಳಲ್ಲಿ ಒಂದು ಕೊರತೆ ಇದೆ ಎಂದರೆ ದೊಡ್ಡವರು ಬೈದಾರು. ಆದರೂ ಹೊಲದಲ್ಲಿ ದುಡಿಯುವವರ ಕಣ್ಣಿಗೆ ಅದು ಕಾಣದೇ ಇರದು. ಆ ಚಿತ್ರಗಳಲ್ಲಿ ಮನುಷ್ಯರಿಲ್ಲ. ಮೆದೆ ಇದೆ, ಹಿಮ ಇದೆ, ದೂರದಲ್ಲಿ ಮನೆಗಳ ಸೂರಿದೆ. ಕೊಯ್ದವನಿಲ್ಲ, ಕಟ್ಟು ಹೊತ್ತವಳಿಲ್ಲ. ಅದೇ ಗುಂಪಿನ ಪಿಸಾರೊ ಎಂಬ ಚಿತ್ರಕಾರ ಹೊಲದ ಹೆಂಗಸರನ್ನು ಪ್ರೀತಿಯಿಂದ ಬರೆದದ್ದುಂಟು. ಮೊನೆಗೆ ಬೇಕಾಗಿದ್ದದ್ದು ಮಾತ್ರ ಬೆಳಕು. ತನಗೆ ಬೇಕಾದ್ದನ್ನು ಅವನು ಹಿಡಿದ. ತಪ್ಪೇನಿಲ್ಲ.

ಆದರೆ ಮೆದೆ ನಮ್ಮದಾದಾಗ ನೋಟ ಅಷ್ಟಕ್ಕೇ ನಿಲ್ಲುವುದಿಲ್ಲ. ಮೆದೆ ಚಿಕ್ಕದಾಗಿದ್ದರೆ ಮಳೆ ಕೈಕೊಟ್ಟಿದೆ ಎಂದು ಅರ್ಥ. ದೊಡ್ಡದಾಗಿದ್ದರೆ ದನಕ್ಕೆ ಮೇವಿದೆ, ಮನೆಯಲ್ಲಿ ಮುದ್ದೆ ಇದೆ ಎಂದು ಅರ್ಥ. ಮೆದೆ ನೋಡಿದ ಕೂಡಲೇ ನಮ್ಮ ಕಣ್ಣು ಲೆಕ್ಕ ಹಾಕುತ್ತದೆ. ಈ ಲೆಕ್ಕ ಹಾಕುವ ಕಣ್ಣೇ ನಮಗೆ ಚೆಲುವು ಕಾಣದಂತೆ ಮಾಡಿದೆಯೇ? ಸ್ವಲ್ಪ ನಿಜ. ಸಾಲದ ಕಂತು ತಲೆಯಲ್ಲಿ ಇರುವವನಿಗೆ ನೆರಳಿನಲ್ಲಿ ನೇರಳೆ ಬಣ್ಣ ಹುಡುಕು ಎಂದರೆ ಕೋಪ ಬಂದೀತು.

ಹೆಬ್ಬಾರರು ದೊಡ್ಡವರಾಗುವುದು ಇಲ್ಲೇ. ಅವರು ಬೆಳಕನ್ನೂ ಬಿಡಲಿಲ್ಲ, ಹಸಿವನ್ನೂ ಬಿಡಲಿಲ್ಲ. 1950ರ ದಶಕದ ಆರಂಭದಲ್ಲಿ ಅವರು ಬರೆದ ಹೆಸರಾಂತ ಚಿತ್ರವೊಂದರ ಹೆಸರು 'ಹಂಗ್ರಿ ಸೋಲ್', ಅಂದರೆ ಹಸಿದ ಜೀವ. ನಮ್ಮ ರಾಯಲಸೀಮೆಯಲ್ಲಿ ಬರ ಬಿದ್ದು ಗಂಜಿ ಕೇಂದ್ರಗಳ ಮುಂದೆ ಜನ ಸಾಲು ನಿಂತ ಕಾಲವೂ ಅದೇ. ಆ ಚಿತ್ರ ನಮ್ಮನ್ನು ನೋಡಿ ಬರೆದದ್ದಲ್ಲ. ಆದರೆ ಹಸಿವಿಗೂ ಗಡಿಯಿಲ್ಲ. ಬಡತನವನ್ನು ಒಳಗಿನಿಂದ ಕಂಡವರು ಬರೆದರೆ ಅದರಲ್ಲಿ ಮರುಕದ ಪ್ರದರ್ಶನ ಇರುವುದಿಲ್ಲ. ಹಸಿದವನಿಗೂ ಒಂದು ಗೌರವ ಇರುತ್ತದೆ.

ಹಾಗಾದರೆ ಹಸಿವಿನ ಚಿತ್ರದಲ್ಲೂ ಚೆಲುವು ಇದೆಯೇ? ಇದೆ. ಅದು ಮೈಯ ಚೆಲುವಲ್ಲ. ಒಬ್ಬರು ನಿಂತು, ತಾಳ್ಮೆಯಿಂದ, ಮುಖ ತಿರುಗಿಸದೆ ನೋಡಿದ್ದಾರಲ್ಲ, ಆ ನೋಟದ ಚೆಲುವು. ನೋಡಲು ಯೋಗ್ಯ ಎಂದು ಒಬ್ಬರು ನಮ್ಮನ್ನು ತಿಳಿದರೆ ನಮಗೂ ನಮ್ಮ ಮೇಲೆ ಮಾನ ಹುಟ್ಟುತ್ತದೆ. ಮೊನೆ ಮೆದೆಗೆ ಮಾನ ತಂದ. ಹೆಬ್ಬಾರರು ಮೆದೆ ಒಟ್ಟಿದವರಿಗೂ ಮಾನ ತಂದರು.

ಮನ್ನಣೆ ಮತ್ತು ಕೊನೆ

ಮನ್ನಣೆಗಳು ಬಂದವು. 1961ರಲ್ಲಿ ಪದ್ಮಶ್ರೀ, 1976ರಲ್ಲಿ ಲಲಿತ ಕಲಾ ಅಕಾಡೆಮಿಯ ಫೆಲೋ ಗೌರವ, 1989ರಲ್ಲಿ ಪದ್ಮಭೂಷಣ. ವಯಸ್ಸಾದಂತೆ ಅವರ ಚಿತ್ರಗಳಲ್ಲಿ ಆಕಾರಗಳು ಕರಗುತ್ತಾ ಹೋದವು, ಬಣ್ಣದ ಪದರಗಳು ದಪ್ಪವಾಗುತ್ತಾ ಹೋದವು. ಮಗಳು ರೇಖಾ ರಾವ್ ಅವರೂ ಚಿತ್ರ ಕಲಾವಿದೆಯಾದರು.

ತಮ್ಮ ಹಲವು ಚಿತ್ರಗಳನ್ನು ಹೆಬ್ಬಾರರು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕೊಟ್ಟರು. ಕನ್ನಡ ನೆಲದಲ್ಲಿ ಕನ್ನಡದ ಜನ ನೋಡಲಿ ಎಂಬಂಥ ಕೊಡುಗೆ ಅದು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಗೋಡೆಯ ಮೇಲೆ ಮಸಿಯಲ್ಲಿ ಗೀಚಿದ ಹುಡುಗನ ಗೆರೆ ಅಷ್ಟು ದೂರ ಓಡಿ ನಿಂತಿತ್ತು.

ನಮಗೇನು?

ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುತ್ತಿದ್ದಾರೆ. ಹೋಗಲಿ, ಹೆಬ್ಬಾರರೂ ಮುಂಬಯಿಗೆ ಹೋದವರೇ. ಆದರೆ ಹಳ್ಳಿಯಲ್ಲಿ ಏನಿದೆ ಎಂದು ಕೇಳಿಕೊಂಡು ಹೋಗುವುದು ಬೇರೆ, ಹಳ್ಳಿಯಲ್ಲಿ ಏನಿದೆ ಎಂದು ನೋಡಿಕೊಂಡು ಹೋಗುವುದು ಬೇರೆ. ಗಡಿಯಲ್ಲಿರುವ ನಮಗೆ ಇನ್ನೊಂದು ಕೀಳರಿಮೆಯೂ ಇದೆ. ಅತ್ತ ಹೋದರೆ ಆಂಧ್ರದವರು, ಇತ್ತ ಬಂದರೆ ಕನ್ನಡದವರು. ನಮ್ಮದು ಎನ್ನುವ ಚೆಲುವು ಎಲ್ಲೋ ರಾಜಧಾನಿಯಲ್ಲಿ ಇದೆ ಎಂದು ನಂಬಿಕೊಂಡಿದ್ದೇವೆ. ಸಾವಿರ ವರ್ಷದ ಹಿಂದೆ ರಾಜಧಾನಿ ಇದೇ ಊರಾಗಿತ್ತು ಎಂಬುದನ್ನೂ ಮರೆಯುತ್ತೇವೆ!

ಆ ಕಾಲದ ಶಿಲ್ಪಿಗಳು ದೊಡ್ಡೇಶ್ವರನ ಗುಡಿಯ ಕಂಬಗಳಲ್ಲಿ, ಜಾಲಂಧ್ರಗಳಲ್ಲಿ ದೇವರನ್ನೂ ಬಳ್ಳಿಯನ್ನೂ ಕೆತ್ತಿದರು. ಆ ಜಾಲಂಧ್ರಗಳ ಮೂಲಕ ಒಳಗೆ ಬೀಳುವ ಬೆಳಕನ್ನು ಒಮ್ಮೆ ಸುಮ್ಮನೆ ಕೂತು ನೋಡಿ. ಕಲ್ಲಿನ ಹೂಬಳ್ಳಿ ನೆಲದ ಮೇಲೆ ಬೆಳಕಿನ ಹೂಬಳ್ಳಿಯಾಗುತ್ತದೆ, ಹೊತ್ತು ಏರಿದಂತೆ ಸರಿಯುತ್ತದೆ. ಅಲ್ಲಿಂದ ಎದ್ದು ಊರಾಚೆಗೆ ಬಂದರೆ ಅದೇ ಬೆಳಕು ಕಣದ ಮೇಲಿದೆ.

ಶಾಲೆಯ ಮೇಷ್ಟರುಗಳಲ್ಲಿ ಒಂದು ಮನವಿ. ಸುಗ್ಗಿಯ ಒಂದು ದಿನ ಮಕ್ಕಳನ್ನು ಒಂದೇ ಮೆದೆಯ ಮುಂದೆ ಮೂರು ಸಲ ನಿಲ್ಲಿಸಿ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ. ಮೂರು ಸಲವೂ ಮೇಣದ ಬಣ್ಣದ ಕಡ್ಡಿಯಲ್ಲಿ ಬರೆಯಲಿ. ನೆರಳಿಗೆ ಕಪ್ಪು ಕಡ್ಡಿ ಬಳಸುವಂತಿಲ್ಲ ಎಂಬುದೊಂದೇ ಷರತ್ತು. ಮೆದೆ ಒಟ್ಟಿದವರನ್ನೂ ಚಿತ್ರದಲ್ಲಿ ಸೇರಿಸಬೇಕು. ಮೂರು ಚಿತ್ರ ಪಕ್ಕ ಪಕ್ಕ ಇಟ್ಟು ನೋಡಿದರೆ ಮಕ್ಕಳಿಗೆ ಬೇರೆ ಪಾಠ ಬೇಕಾಗಿಲ್ಲ. ತಡ ಮಾಡುವುದೂ ಬೇಡ. ಈಗ ರಾಗಿಯನ್ನು ಟಾರು ರಸ್ತೆಗೆ ಹಾಸಿ ಲಾರಿ, ಬಸ್ಸುಗಳಿಂದ ತುಳಿಸುವುದೂ ಹೆಚ್ಚಾಗಿದೆ, ಕೊಯ್ಯುವ ಯಂತ್ರವೂ ಬಂದಿದೆ. ಮೆದೆಗಳು ಕಡಿಮೆಯಾಗುತ್ತಿವೆ.

ದೊಡ್ಡವರಿಗೂ ಒಂದು ಮಾತು. ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಬೆಂಗಳೂರಿಗೆ ಹೋದಾಗ ಒಂದು ತಾಸು ಬಿಡುವು ಮಾಡಿಕೊಂಡು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಬನ್ನಿ. ಜನವರಿಯಲ್ಲಿ ಆ ರಸ್ತೆಯಲ್ಲೇ ಚಿತ್ರಸಂತೆ ನಡೆಯುತ್ತದೆ. ಹೆಬ್ಬಾರರ ಚಿತ್ರಗಳ ಮುಂದೆ ನಿಂತಾಗ ಅರ್ಥವಾಗಲಿಲ್ಲ ಎಂದು ನಾಚಿಕೆ ಪಡಬೇಡಿ. ಹತ್ತಿರ ಹೋಗಿ ನೋಡಿ, ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಅಲ್ಲಿ ನಿಮಗೆ ಗೊತ್ತಿರುವ ಮಣ್ಣಿದೆ, ನಿಮ್ಮ ಮನೆಯ ಹೆಂಗಸರ ನಿಲುವಿದೆ, ನಿಮ್ಮ ಬಿಸಿಲಿದೆ.

ವಾಪಸು ಬರುವಾಗ ಸಂಜೆಯಾಗಿರುತ್ತದೆ. ಬಸ್ಸಿನಿಂದಿಳಿದು ಮನೆಗೆ ನಡೆಯುವಾಗ ಕಣದ ಕಡೆ ಒಮ್ಮೆ ತಿರುಗಿ ನೋಡಿ. ಮೆದೆಯ ಒಂದು ಮಗ್ಗುಲು ಕೆಂಡದಂತೆ ಉರಿಯುತ್ತಿರುತ್ತದೆ. ಎಷ್ಟು ಪಲ್ಲ ರಾಗಿ ಆದೀತು ಎಂದು ಲೆಕ್ಕ ಹಾಕುವ ಮೊದಲು, ಒಂದು ಗಳಿಗೆ, ಸುಮ್ಮನೆ ನೋಡಿ.